ಟೋಪಿಯ ಜೊತೆಗೆ ಬಂದ ಕೆಮ್ಮು

ಬಾತೋಮಾ ಒಲೆಯ ಜಾಲರಿಯ ಮೇಲಿದ್ದ ಮೀಸೆಮೀನುಗಳನ್ನು ಒಂದೊಂದಾಗಿ ಮಗುಚಿಹಾಕುತ್ತಿದ್ದಳು. ಬಾಲವನ್ನು ಬಾಯೊಳಗೆ ಸಿಕ್ಕಿಸಿ ಬಳೆಯ ಹಾಗೆ ಸುತ್ತಿಟ್ಟ ಮೀನುಗಳು. ಒಂದು ಮಗ್ಗುಲು ಹೊಗೆಗೆ ಕಂದಾಗಿ, ಇನ್ನೊಂದು ಮಗ್ಗುಲು ಇನ್ನೂ ಹಸಿಯಾಗಿ, ತಮ್ಮ ಬಾಲವನ್ನು ತಾವೇ ಕಚ್ಚಿಕೊಂಡು ಏನೋ ಮಹಾ ಯೋಚನೆಯಲ್ಲಿ ಮುಳುಗಿದಂತೆ ಕಾಣುತ್ತಿದ್ದವು. ಅವಳಿಗೆ ಗಂಡನ ನೆನಪಾಯಿತು.

ಅರ್ಧ ಸಾಲು ಮುಗಿಯುವ ಹೊತ್ತಿಗೆ ಒಲೆಯ ಹಿಂದಿದ್ದ ಬೆರಣಿಯ ರಾಶಿ ಸೀನಿತು. ಬೆರಣಿ ಸೀನುವುದಿಲ್ಲವಾದ್ದರಿಂದ ಅದು ಬಾಮೊಯ್ ಇರಬೇಕು ಎಂದುಕೊಂಡು ಅವಳು ಮುಂದಿನ ಮೀನಿಗೆ ಕೈಹಾಕಿದಳು.

ಬಾಮೊಯ್ ಅವಳ ಮೈದುನ, ಗಂಡ ಲಾಸಿನಾನ ಒಬ್ಬನೇ ತಮ್ಮ. ವಯಸ್ಸು ಹದಿನಾರು. ಎತ್ತರದಲ್ಲಿ ಆಗಲೇ ಅಣ್ಣನ ಸಮ, ಬುದ್ಧಿಯಲ್ಲಿ ಯಾರ ಸಮವೋ ಯಾರಿಗೂ ಗೊತ್ತಿಲ್ಲ. ನಿನ್ನೆ ಸಂಜೆ ದೋಣಿಕಟ್ಟೆಯ ಚಹಾ ಕೂಟದಲ್ಲಿ ದೊಮೊ ಎಂಬ ಹುಡುಗನ ಹಣೆಗೆ ಚಹಾದ ಗ್ಲಾಸು ಬೀಸಿ ರಕ್ತ ಹರಿಸಿದ್ದ. ಅದಾದಮೇಲೆ ಮನೆಯೊಳಗೆ ಕಾಲಿಟ್ಟಿರಲಿಲ್ಲ. ಇವತ್ತು ಬೆಳಿಗ್ಗೆ ಮಸೀದಿಯಿಂದ ಬಂದ ಲಾಸಿನಾ ಅಂಗಳದ ನಡುವೆ ನಿಂತು, ಬೇಲಿಯಾಚೆಗೂ ಕೇಳುವ ಹಾಗೆ ತೀರ್ಪು ಹೇಳಿದ್ದ. ನಾಳೆ ನಸುಕಿನಲ್ಲಿ ಚಿಕ್ಕಪ್ಪ ಸಿದಿಕಿಯ ದೊಡ್ಡ ದೋಣಿ ದೆಬೊ ಸರೋವರಕ್ಕೆ ಹೊರಡುತ್ತದೆ, ಹುಡುಗ ಅದರಲ್ಲಿ ಹೋಗುತ್ತಾನೆ, ಅಲ್ಲೇ ಮೀನುಗಾರರ ಬಿಡಾರದಲ್ಲಿ ಇರುತ್ತಾನೆ. ಎಷ್ಟು ಕಾಲ ಎಂದು ಅವನು ಹೇಳಲಿಲ್ಲ.

ಸಿದಿಕಿ ಚಿಕ್ಕಪ್ಪನ ಬಗ್ಗೆ ಮೋಪ್ತಿ ಊರಿನಲ್ಲಿ ಎರಡು ಅಭಿಪ್ರಾಯಗಳಿರಲಿಲ್ಲ. ಅವನು ಮಾತಾಡುತ್ತಿದ್ದುದು ದೋಣಿ ತಳ್ಳುವ ಗಳದಿಂದ, ಬಾಯಿಂದಲ್ಲ. ‘ಸರಿಮಾಡಿ ಕೊಡು’ ಎಂದು ಅವನಿಗೆ ಒಪ್ಪಿಸಿದ ಹುಡುಗರಲ್ಲಿ ಒಬ್ಬ ಬಿಡಾರದಿಂದಲೇ ಓಡಿಹೋದ, ಇವತ್ತಿಗೂ ಎಲ್ಲಿದ್ದಾನೆಂಬ ಸುದ್ದಿಯಿಲ್ಲ. ಇನ್ನೊಬ್ಬ ವಾಪಸು ಬಂದ. ಆದರೆ ಏನು ಕೇಳಿದರೂ ತಲೆಯಾಡಿಸುವವನಾಗಿ ಬಂದ; ಅವನ ತಾಯಿ ಅದನ್ನೇ ಸುಧಾರಣೆ ಎಂದು ಹೇಳಿಕೊಂಡು ತಿರುಗುತ್ತಾಳೆ. ಬಾಮೊಯ್ ತಲೆಯಾಡಿಸುವ ಜಾತಿಯಲ್ಲ. ಆ ದೋಣಿ ಹತ್ತಿದರೆ ಅವನು ಈ ಮನೆಗೆ ಮತ್ತೆ ಬರುವುದಿಲ್ಲ ಎಂಬುದು ಬಾತೋಮಾಗೆ ಸ್ಪಷ್ಟವಾಗಿತ್ತು. ಲಾಸಿನಾಗೂ ಗೊತ್ತಿದ್ದಿರಬೇಕು. ತೀರ್ಪು ಹೇಳುವಾಗ ಅವನು ಕುರಿಯ ಗೂಟವನ್ನೇ ನೋಡುತ್ತಿದ್ದ.

"ಗಂಡಾ," ಎಂದು ಅವಳು ಬೆರಣಿಯ ರಾಶಿಗೆ ಹೇಳಿದಳು, "ಬಿಸಿಲಿಗೆ ಬಾ. ಮೈಗೆಲ್ಲ ಸಗಣಿ ವಾಸನೆ ಹತ್ತಿಸ್ಕೊಂಡ್ರೆ ನಾನು ತವರಿಗೆ ಹೊರಟುಹೋಗ್ತೀನಿ."

"ಹೋಗೇ ಹೆಂಡ್ತಿ. ನಿನ್ನ ಮೀನಿನ ವಾಸನೆಗಿಂತ ಸಗಣಿನೇ ವಾಸಿ."

ಅವಳು ಮದುವೆಯಾಗಿ ಈ ಅಂಗಳಕ್ಕೆ ಬಂದ ದಿನ ಬಾಮೊಯ್ ಚಡ್ಡಿಯಿಲ್ಲದ ಪುಟ್ಟ ಮಗು. ತಾಯಿ ತೀರಿಕೊಂಡಿದ್ದಳು, ಅಣ್ಣನ ಹೆಗಲೇ ಅವನ ಮನೆ. ಮದುವೆಗೆ ಬಂದವರೆಲ್ಲ, ಅಣ್ಣನ ಹೆಂಡತಿ ತಮ್ಮನಿಗೂ ಹೆಂಡತಿಯ ಲೆಕ್ಕವೇ ಎಂದು ರೂಢಿಯ ತಮಾಷೆ ಮಾಡಿದಾಗ ಅವನು ಅದನ್ನು ನಂಬಿಬಿಟ್ಟ. ಅಂದಿನಿಂದ ಅವಳ ಅಡುಗೆಗೆ ಹೆಸರಿಟ್ಟವನು ಅವನು, ಅವನ ಮೂಗು ಒರೆಸಿದವಳು ಅವಳು. ಮಕ್ಕಳಾಗಲಿಲ್ಲವೆಂದು ಬೇರೆಯವರು ಕನಿಕರಪಟ್ಟಾಗ ಅವಳು, ಒಬ್ಬ ಗಂಡನನ್ನು ಸಾಕಿ ದೊಡ್ಡವನನ್ನಾಗಿ ಮಾಡುವುದರಲ್ಲೇ ಸಾಕಾಗಿ ಹೋಗಿದೆ ಎಂದು ಉತ್ತರ ಕೊಡುತ್ತಿದ್ದಳು.

ಅವನು ಬಿಸಿಲಿಗೆ ಬರಲಿಲ್ಲ. ದೊಮೊ ಏನು ಹೇಳಿದ, ಯಾಕೆ ಹೊಡೆದೆ ಎಂದು ಅವಳು ಕೇಳಿದಳು. ರಾಶಿಯಿಂದ ಒಂದು ಬೆರಣಿ ಉರುಳಿ ಬಿತ್ತು. ಅವಳು ಒಂದು ಚಿಕ್ಕ ಮೀನನ್ನು ರಾಶಿಯಾಚೆ ಎಸೆದಳು. ಅದು ನೆಲಕ್ಕೆ ಬಿದ್ದ ಸದ್ದು ಕೇಳಲಿಲ್ಲ, ಅಂದರೆ ಹಸಿವಿದೆ.

ಮೊದಲು ಹೀಗಿರಲಿಲ್ಲ. ಮೊದಲು ಲಾಸಿನಾನೇ ಈ ಕೇರಿಯ ಅತಿ ದೊಡ್ಡ ಪುಂಡ. ಇಮಾಮರ ಮೂಗಿನ ದನಿಯಲ್ಲಿ ಮೀನಿನ ಬೆಲೆ ಕೂಗುತ್ತಿದ್ದ. ಕೇರಿಯ ಮುಖ್ಯಸ್ಥ ನಡೆಯುವ ಹಾಗೆ ನಡೆಯುತ್ತಿದ್ದ, ಮುಖ್ಯಸ್ಥನ ಹಿಂದೆಯೇ. ಅವನ ಹಿಂದೆ ಬಾಮೊಯ್, ಅಣ್ಣನ ಹಾಗೆ ನಡೆಯುತ್ತ. ತಮ್ಮನಿಗೆ ಈಜು ಕಲಿಸುತ್ತೇನೆಂದು ದೋಣಿಯಿಂದ ಬಾನಿ ನದಿಗೆ ಎಸೆದು, ಅವನು ಮುಳುಗಿ ಎದ್ದು ಅಣ್ಣನಿಗೆ ಬೈದಾಗ, ಮೊದಲು ಬೈಗುಳದ ಉಚ್ಚಾರಣೆ ತಿದ್ದಿ ಆಮೇಲೆ ಕೈಹಿಡಿದು ಮೇಲೆತ್ತಿದ್ದ. ಇಬ್ಬರೂ ಸೇರಿ ಹೆಚ್ಚು ಅಣಕಿಸುತ್ತಿದ್ದುದು ತಂದೆಯ ಕೆಮ್ಮನ್ನು. ಮುದುಕನಿಗೆ ಹೊಗೆಸೊಪ್ಪಿನಿಂದ ಬಂದ, ಮೂರು ಮಜಲಿನ ಕೆಮ್ಮೊಂದಿತ್ತು. ಮೊದಲು ಗಂಟಲು ಕೆರೆಯುವುದು, ಆಮೇಲೆ ಗುಡುಗು, ಕೊನೆಗೆ ದೇವರನ್ನು ನೆನೆಯುವುದು. ಬಾಮೊಯ್ ಮತ್ತು ಅವನ ಗೆಳೆಯರು ಬೇಲಿಯ ಹಿಂದೆ ಸಿಗರೇಟಿಗೆ ಬೆಂಕಿ ಹಚ್ಚುವಾಗ ಲಾಸಿನಾ ಕತ್ತಲಲ್ಲಿ ನಿಂತು ಆ ಕೆಮ್ಮು ಕೆಮ್ಮುತ್ತಿದ್ದ. ಗೆಳೆಯರು ಚಪ್ಪಲಿ ಬಿಟ್ಟು ಓಡುತ್ತಿದ್ದರು. ಅಣ್ಣತಮ್ಮಂದಿರು ಚಪ್ಪಲಿಗಳನ್ನು ಆಯ್ದುಕೊಂಡು ಹೊಟ್ಟೆ ಹಿಡಿದು ನಗುತ್ತಿದ್ದರು.

ಆಮೇಲೆ ಮುದುಕ ಸತ್ತ. ನಲವತ್ತನೆಯ ದಿನ ಹಿರಿಯರು ಕೂತು, ಕಸೂತಿ ಹಾಕಿದ ಅವನ ಟೋಪಿಯನ್ನು ಲಾಸಿನಾನ ತಲೆಗಿಟ್ಟು, ಇನ್ನುಮೇಲೆ ಈ ಮನೆಗೆ ನೀನೇ ತಂದೆ ಎಂದರು. ರೂಢಿಯ ಮಾತು, ಎಲ್ಲ ಮನೆಗಳಲ್ಲೂ ಹೇಳುವಂಥದು. ಬೇರೆ ಮನೆಗಳಲ್ಲಿ ಅದನ್ನು ಕೇಳಿ, ಊಟ ಮಾಡಿ, ಮರೆಯುತ್ತಾರೆ. ಲಾಸಿನಾ ಮರೆಯಲಿಲ್ಲ. ಟೋಪಿ ಇಳಿಯಲಿಲ್ಲ. ಟೋಪಿಯ ಜೊತೆಗೆ ತಂದೆ ಕೂರುತ್ತಿದ್ದ ಭಂಗಿ ಬಂತು, ಸೊಂಟದ ಮೇಲೆ ಕೈಯಿಡುವುದು ಬಂತು, ಕೊನೆಗೆ ಕೆಮ್ಮೂ ಬಂತು, ಮೂರು ಮಜಲಿನದು. ಜೀವಮಾನದಲ್ಲಿ ಒಂದೆಳೆ ಹೊಗೆಸೊಪ್ಪು ಮುಟ್ಟದ ಗಂಡಸು. ಬಾತೋಮಾಗೆ ಕೆಲವು ರಾತ್ರಿ ತಾನು ಮಾವನ ಪಕ್ಕದಲ್ಲಿ ಮಲಗಿದ್ದೇನೆ ಎನ್ನಿಸಿ ಚಾಪೆಯ ಅಂಚಿಗೆ ಸರಿದುಕೊಳ್ಳುವಂತಾಗುತ್ತಿತ್ತು. ಇದನ್ನು ಅವಳು ಯಾರಿಗೆ ಹೇಳಬೇಕು? ಗಂಡ ಹೊಡೆಯುತ್ತಾನೆಂದರೆ ನ್ಯಾಯ ಹೇಳುವವರಿದ್ದಾರೆ. ಗಂಡ ಗಂಭೀರನಾಗಿದ್ದಾನೆಂದರೆ ಪುಣ್ಯವಂತೆ ಅನ್ನುತ್ತಾರೆ.

ಮೊದಲ ಸಲ ಅಣ್ಣ ಹಾಗೆ ಕೆಮ್ಮಿದಾಗ ಬಾಮೊಯ್ ಅದನ್ನು ಅಣಕವೆಂದುಕೊಂಡ. ಎಷ್ಟೋ ದಿನಗಳ ಮೇಲೆ ಅಣ್ಣ ವಾಪಸು ಬಂದನೆಂದು ಮುಖವೆಲ್ಲ ಬಾಯಾಗಿ ನಕ್ಕ. ಲಾಸಿನಾ ಅವನ ಕೆನ್ನೆಗೆ ಹೊಡೆದ. ಆ ಹುಡುಗನಿಗೆ ಅಣ್ಣನ ಕೈಯಿಂದ ಬಿದ್ದ ಮೊದಲ ಏಟು ಅದು. ಆಮೇಲಿನದೆಲ್ಲ ಒಂದರ ಹಿಂದೊಂದು ಬಂತು. ಮೇಷ್ಟರ ಸೈಕಲ್ಲು ನದಿ ಸೇರಿತು, ಮೇಷ್ಟರು ಸೈಕಲ್ಲನ್ನು ಮೇಲೆತ್ತಿಸಿದರು, ಬಾಮೊಯ್‌ನನ್ನು ಮಾತ್ರ ಮತ್ತೆ ಶಾಲೆಗೆ ಸೇರಿಸಲಿಲ್ಲ. ಕೇರಿಯ ಜಗಳಗಳಲ್ಲಿ ಅವನ ಹೆಸರಿಲ್ಲದ್ದು ವಿರಳ. ಒಂದು ದಿನ ಅಣ್ಣನ ಹೊಸ ಬಲೆಯನ್ನು ಚಾಕುವಿನಿಂದ ಕೊಯ್ದ. ಮಾರನೆಯ ದಿನವೆಲ್ಲ ಯಾರ ಜೊತೆಗೂ ಮಾತಾಡದೆ ತಾನೇ ಕೂತು ಹೆಣೆದ, ಮೊದಲಿಗಿಂತ ಚೆನ್ನಾಗಿ. ಲಾಸಿನಾ ಕೊಯ್ದದ್ದಕ್ಕೆ ಬೈದ, ಹೆಣೆದದ್ದಕ್ಕೆ ಏನೂ ಹೇಳಲಿಲ್ಲ. ತಂದೆಯಾದವನು ಹೊಗಳಬಾರದಂತೆ.

ಆದರೆ ನಿನ್ನೆಯದು ಇವೆಲ್ಲಕ್ಕಿಂತ ಬೇರೆ. ದೊಮೊ ದೊಗೊನ್ ಹುಡುಗ, ಬಂಡೆಗುಡ್ಡದ ಜನದವನು. ಇವರು ಬೊಜೊಗಳು, ನೀರಿನ ಜನ. ಹಿಂದೆ ಬರಗಾಲದಲ್ಲಿ ಅಣ್ಣತಮ್ಮಂದಿರಿಬ್ಬರು ದಾರಿ ನಡೆಯುತ್ತಿದ್ದಾಗ ತಮ್ಮ ಹಸಿವಿನಿಂದ ಬಿದ್ದನಂತೆ. ಅಣ್ಣ ಪೊದೆಯ ಮರೆಗೆ ಹೋಗಿ ತನ್ನ ತೊಡೆಯಿಂದಲೇ ಮಾಂಸ ಕೊಯ್ದು, ಸುಟ್ಟು ತಂದು ಉಣ್ಣಿಸಿದನಂತೆ. ಒಬ್ಬನ ಸಂತಾನ ಮೀನು ಹಿಡಿಯಿತು, ಇನ್ನೊಬ್ಬನದು ಬಂಡೆಯ ಮೇಲೆ ಈರುಳ್ಳಿ ಬೆಳೆಯಿತು. ಕೊಯ್ದವನು ಯಾರು, ತಿಂದವನು ಯಾರು ಎಂಬ ವಿಷಯದಲ್ಲಿ ಎರಡೂ ಕಡೆಯವರು ಇವತ್ತಿಗೂ ಎದುರುಬದುರು ಕಿರುಚುತ್ತಾರೆ. ಅಂದಿನಿಂದ ಬೊಜೊ ದೊಗೊನನಿಗೆ, ದೊಗೊನ ಬೊಜೊಗೆ ಬಾಯಿಗೆ ಬಂದದ್ದು ಬೈಯಬಹುದು, ಸಿಟ್ಟಾಗುವಂತಿಲ್ಲ. ಒಬ್ಬರು ಬಾಯಿಬಿಟ್ಟು ಕೇಳಿದ್ದನ್ನು ಇನ್ನೊಬ್ಬರು ಇಲ್ಲ ಎನ್ನುವಂತಿಲ್ಲ. ರಕ್ತವನ್ನಂತೂ ಹರಿಸುವಂತೆಯೇ ಇಲ್ಲ. ದೊಗೊನ್ ಹುಡುಗನ ಮಾತಿಗೆ ಸಿಟ್ಟಾದ ಬೊಜೊನನ್ನು ಮೋಪ್ತಿ ಕಂಡಿರಲಿಲ್ಲ. ನೀರಿಗಿಳಿದ ಮೀನು, ಅಯ್ಯೋ ಒದ್ದೆಯಾದೆ ಎಂದು ಚೀರಿದ ಹಾಗೆ.

ಮಧ್ಯಾಹ್ನದ ನಮಾಜಿನ ಮೇಲೆ ಅತಿಮೆ ಗಿಂದೊ ಬಂದ. ದೊಮೊ ಅವನ ತಂಗಿಯ ಮಗ. ಅತಿಮೆ ಈರುಳ್ಳಿ ವ್ಯಾಪಾರಿ, ಮಾರುಕಟ್ಟೆಯಲ್ಲಿ ಬಾತೋಮಾಳ ಪಕ್ಕದ ಜಾಗದವನು, ಸತ್ತ ಮಾವನ ಜೊತೆ ಜೀವನಪೂರ್ತಿ ಬೈದಾಡಿಕೊಂಡೇ ಇದ್ದವನು. ಬೇಲಿಯ ಹೊರಗೆ ನಿಂತು, ಈ ಮೀನುಬುಟ್ಟಿಯೊಳಗೆ ಮನುಷ್ಯರು ಯಾರಾದರೂ ಇದ್ದಾರೆಯೇ ಎಂದು ಕೂಗಿದ. ಒಳಗೆ ಬಂದು ಲಾಸಿನಾನ ಚಾಪೆಯ ಮೇಲೆ ಕೂತ, ನೀರು ಕೇಳಿದ, ಕುಡಿದು ನೀರಿಗೆ ಕಪ್ಪೆಯ ವಾಸನೆ ಎಂದ, ಇನ್ನೊಂದು ಲೋಟ ಕೇಳಿದ. ದೊಮೊ ಹಣೆಗೆ ಬಟ್ಟೆ ಕಟ್ಟಿಕೊಂಡು ಅವನ ಬೆನ್ನಿಗೆ ನಿಂತಿದ್ದ. ಅವನ ಮುಖದಲ್ಲಿ ನೋವಿಗಿಂತ ಗೊಂದಲವೇ ಹೆಚ್ಚಿತ್ತು.

"ಈ ಹುಡುಗನ ಹಣೆ ನಿಮ್ಮ ಗ್ಲಾಸಿಗೆ ಅಡ್ಡ ಬಂತಂತೆ," ಎಂದ ಅತಿಮೆ. "ಗ್ಲಾಸಿಗೇನೂ ಆಗಿಲ್ಲ ತಾನೆ? ಅದನ್ನ ವಿಚಾರಿಸೋಕೆ ಬಂದೆ."

ಬಾತೋಮಾಗೆ ಎದೆಯ ಮೇಲಿನ ಕಲ್ಲು ಅರ್ಧ ಇಳಿಯಿತು. ಇನ್ನು ಎಲ್ಲ ತನ್ನಷ್ಟಕ್ಕೆ ಸಾಗುತ್ತದೆ. ಅತಿಮೆ ಬೈಯುತ್ತಾನೆ, ಲಾಸಿನಾ ತಿರುಗಿ ಬೈಯುತ್ತಾನೆ, ಅತಿಮೆ ದಂಡವೆಂದು ಏನಾದರೊಂದು ಹುಚ್ಚು ಬೇಡಿಕೆ ಇಡುತ್ತಾನೆ. ಕೊನೆಗೆ ಎದ್ದುಹೋಗುವಾಗ, ಆ ಹುಡುಗ ಇಲ್ಲೇ ಇರಲಿ ಬಿಡು ಎಂದು ಒಂದು ಮಾತು ಕೇಳುತ್ತಾನೆ. ದೊಗೊನ ಕೇಳಿದ ಮೇಲೆ ಇಲ್ಲವೆನ್ನುವಂತಿಲ್ಲ. ಲಾಸಿನಾ ತನ್ನ ಮಾತನ್ನು ವಾಪಸು ತೆಗೆದುಕೊಂಡ ಹಾಗಾಗುವುದಿಲ್ಲ, ಹುಡುಗನೂ ಉಳಿಯುತ್ತಾನೆ. ಅವಳು ಲಗುಬಗೆಯಿಂದ ಅನ್ನಕ್ಕಿಟ್ಟು, ದೊಡ್ಡ ಮೀನೊಂದನ್ನು ಸಾರಿಗೆ ಬಿಟ್ಟಳು.

ಲಾಸಿನಾ ಕೋಣೆಯಿಂದ ಹೊರಗೆ ಬಂದ. ಶುಕ್ರವಾರದ ಉದ್ದ ನಿಲುವಂಗಿ ತೊಟ್ಟಿದ್ದ, ತಲೆಯ ಮೇಲೆ ಟೋಪಿ. ಎರಡೂ ಕೈಯಲ್ಲಿ ಒಂದು ಬಟ್ಟಲು, ಬಟ್ಟಲಲ್ಲಿ ಅಡಿಕೆಯ ಹಾಗೆ ಅಗಿಯುವ ಕೋಲಾ ಬೀಜಗಳು. ಅತಿಮೆಯ ಮುಂದೆ ಮೊಣಕಾಲೂರಿ ತಲೆತಗ್ಗಿಸಿದ.

"ಹಿರಿಯರೇ," ಎಂದ. "ನಮ್ಮ ಮನೆಯಿಂದ ತಪ್ಪಾಗಿದೆ. ತಂದೆಯ ಜಾಗದಲ್ಲಿ ನಿಂತು ಕ್ಷಮೆ ಕೇಳ್ತಿದ್ದೀನಿ. ಹುಡುಗನ್ನ ನಾಳೆ ಊರು ಬಿಡಿಸ್ತೀನಿ. ನೀವು ಇದನ್ನ ಸ್ವೀಕರಿಸಬೇಕು."

ಬಾತೋಮಾಳ ಕೈಯ ಸೌಟು ಸಾರಿನೊಳಗೇ ನಿಂತಿತು. ಹೀಗೆ ಬಟ್ಟಲಲ್ಲಿಟ್ಟು ಕೋಲಾ ಕೊಡುವುದು ಹೆಣ್ಣು ಕೇಳಲು ಹೋದ ಮನೆಯಲ್ಲಿ; ಗುರುತಿಲ್ಲದ ಊರಿನ ಮುಖ್ಯಸ್ಥನೆದುರು. ದೊಗೊನನೆದುರು ಬೊಜೊ ಒಬ್ಬ ಮೊಣಕಾಲೂರಿ ಕ್ಷಮೆ ಕೇಳುವುದೆಂದರೆ, ನೀನು ನನಗೆ ಯಾರೂ ಅಲ್ಲ ಎಂದು ಹೇಳುವುದು. ಇಷ್ಟು ಮರ್ಯಾದೆಯಿಂದ ಅವಮಾನ ಮಾಡುವುದು ಅವಳ ಗಂಡನಿಗೆ ಮಾತ್ರ ಸಾಧ್ಯ.

ಅತಿಮೆಯ ಮುಖದಿಂದ ನಗು ಸೋರಿಹೋಯಿತು. ಅವನ ಮುಖವನ್ನು ನಗುವಿಲ್ಲದೆ ಅವಳು ಅದೇ ಮೊದಲು ನೋಡಿದ್ದು. ಬಹಳ ವಯಸ್ಸಾಗಿತ್ತು ಅದಕ್ಕೆ.

"ನಿಮ್ಮಪ್ಪನ್ನ ಹೂಳೋ ದಿನ ನಾನೇನು ಮಾಡಿದೆ, ನೆನಪಿದ್ಯಾ? ಅವನಿಗಿಂತ ಮುಂಚೆ ಗುಂಡಿಗಿಳಿದು ಮಲಗಿದೆ. ದೊಡ್ಡ ಮೀನು ಕೊಡೋ ತನಕ ಏಳಲ್ಲ, ಮುದುಕನ್ನ ಬೇರೆ ಕಡೆ ಹಾಕ್ಕೊಳಿ ಅಂದೆ. ನೀನು ಅಳ್ತಾ ಅಳ್ತಾ ನಕ್ಕೆ. ಈಗ ನನಗೆ ಕೋಲಾ ತರ್ತೀಯಾ?" ಅವನು ದೊಮೊನ ಹಣೆಯ ಕಡೆ ಕೈತೋರಿಸಿದ. "ಇದು ಚರ್ಮ. ಕೂಡ್ಕೊಳ್ಳುತ್ತೆ. ನೀನು ಮಾಡಿದ್ದು ಕೂಡೋದಲ್ಲ ಲಾಸಿನಾ."

ಅವನು ಚಪ್ಪಲಿಗೆ ಕಾಲು ತುರುಕತೊಡಗಿದ. ಲಾಸಿನಾ ಬಟ್ಟಲು ಹಿಡಿದುಕೊಂಡು ಹಾಗೇ ಕೂತಿದ್ದ. ಎಲ್ಲಿ ತಪ್ಪಿದೆನೆಂದು ಗೊತ್ತಾಗದ ಮುಖ. ಎಲ್ಲವನ್ನೂ ಸರಿಯಾಗಿ ಮಾಡಿದ ಮನುಷ್ಯನ ಮುಖ. ಬಾತೋಮಾಗೆ ಆಗ ಒಂದು ವಿಚಾರ ಹೊಳೆಯಿತು, ಸಾರು ಕುದಿಯತೊಡಗುವಷ್ಟೇ ಮೆಲ್ಲಗೆ. ತಮ್ಮ ದೊಗೊನನ ತಮಾಷೆಗೆ ಸಿಟ್ಟಾದ. ಅಣ್ಣ ದೊಗೊನನ ತಮಾಷೆಗೆ ಕ್ಷಮೆ ಕೇಳಿದ. ಇಬ್ಬರದೂ ಒಂದೇ ತಪ್ಪು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎನ್ನಲು ಬೇರೆ ಗುರುತು ಬೇಕಿರಲಿಲ್ಲ.

"ಏಯ್ ಈರುಳ್ಳಿ."

ಬಾಮೊಯ್ ಒಲೆಯ ಹಿಂದಿನಿಂದ ಎದ್ದು ಬಂದಿದ್ದ. ಕೂದಲಲ್ಲಿ ಬೆರಣಿಯ ಚೂರು, ಗದ್ದದ ಮೇಲೆ ಮೀನಿನ ಜಿಡ್ಡು.

"ಎಲ್ಲಿಗೆ ಹೊರಟೆ? ನೀನು ಕೂತೆದ್ದ ಚಾಪೆನ ನಿಮ್ಮಜ್ಜಿ ಬಂದು ತೊಳೀತಾಳಾ? ನಿಮ್ಮ ಬಂಡೆ ಮೇಲೆ ಸ್ನಾನ ಅನ್ನೋದು ಮಳೆ ಬಂದ್ರೆ ಮಾತ್ರ ಅಂತ ಊರಿಗೆಲ್ಲ ಗೊತ್ತು. ಕೂತ್ಕೊ. ನಿನ್ನಂಥ ಬಂಡೆಹಲ್ಲಿಗೆ ಕ್ಷಮೆ ಬೇರೆ ಕೇಡು."

ಅತಿಮೆ ಒಂದು ಕಾಲಿನ ಚಪ್ಪಲಿಯಲ್ಲೇ ನಿಂತ.

"ಇವನು ಮಾತಾಡಿದ್ದು ಅಂದ್ಕೊಂಡ್ಯಾ?" ಬಾಮೊಯ್ ಅಣ್ಣನ ಬಳಿಗೆ ಹೋದ. "ಇವನಲ್ಲ. ಇದು."

ಹಾಗೆನ್ನುತ್ತ ಲಾಸಿನಾನ ತಲೆಯ ಮೇಲಿಂದ ಟೋಪಿ ಎತ್ತಿ ತನ್ನ ತಲೆಗಿಟ್ಟುಕೊಂಡ. ತಂದೆಯ ಟೋಪಿ, ತಂದೆಯಾದವನ ತಲೆಯಿಂದ, ಬರಿಗೈಯಲ್ಲಿ, ಹಾಡುಹಗಲೇ. ಹುಡುಗ ಸೊಂಟದ ಮೇಲೆ ಕೈಯಿಟ್ಟ, ಗಂಟಲು ಕೆರೆದ, ಗುಡುಗಿದ, ದೇವರನ್ನು ನೆನೆದ. ಮುದುಕ ಗೋರಿಯಿಂದೆದ್ದು ಬಂದರೂ ಅಷ್ಟು ಚೆನ್ನಾಗಿ ಕೆಮ್ಮುತ್ತಿರಲಿಲ್ಲ.

"ಹಿರಿಯರೇ, ಈರುಳ್ಳಿಯವರೇ," ಎಂದ, ಅಣ್ಣನ ಹೊಸ ದನಿಯಲ್ಲಿ. "ನಮ್ಮ ಗ್ಲಾಸಿನಿಂದ ತಪ್ಪಾಗಿದೆ. ಗ್ಲಾಸನ್ನ ನಾಳೆ ದೆಬೊಗೆ ಕಳಿಸ್ತೀನಿ. ಸಿದಿಕಿ ಚಿಕ್ಕಪ್ಪ ಅದನ್ನ ಬಡಿದು ಬಡಿದು ಮನುಷ್ಯನ್ನ ಮಾಡ್ತಾನೆ."

ಅತಿಮೆ ಚಾಪೆಯ ಮೇಲೆ ಕುಸಿದು ಕೂತ. ನಗು ಮೊದಲು ಅವನ ಹೊಟ್ಟೆಗೆ ಬಂತು, ಆಮೇಲೆ ಹೆಗಲಿಗೆ, ಕೊನೆಗೆ ಬಾಯಿಗೆ. ದೊಮೊ ಹಣೆಯ ಬಟ್ಟೆಯನ್ನು ಅಂಗೈಯಿಂದ ಒತ್ತಿಹಿಡಿದು ನಕ್ಕ, ನೋವಾಯಿತು, ನೋವಾಯಿತೆಂದು ಮತ್ತೆ ನಕ್ಕ. ಆ ನಗುವಿನ ಸಲಿಗೆಯಲ್ಲಿ ಅವನ ಬಾಯಿ ಜಾರಿತು.

"ನೋಡಿದ್ಯಾ ಮಾವ, ನಿನ್ನೆ ನಾನಂದಿದ್ದೂ ಇದೇನೇ. ಅಪ್ಪನ್ನ ಹೂಳೋ ಗಡಿಬಿಡೀಲಿ ನಿಮ್ಮಣ್ಣನ್ನೂ ಜೊತೆಗೆ ಹೂತ್ಬಿಟ್ರಲ್ಲೋ, ಮನೇಲಿರೋದು ಬರೀ ಟೋಪಿ ಅಂದೆ. ಅದಕ್ಕೆ ಹೊಡೆದ."

ಒಲೆಯಲ್ಲಿ ಮೀನಿನ ಎಣ್ಣೆ ಕೆಂಡದ ಮೇಲೆ ತೊಟ್ಟಿಕ್ಕಿ ಚುಯ್ ಎಂದಿತು. ಬಾಮೊಯ್ ಟೋಪಿ ತೆಗೆದು, ಅದಕ್ಕೆ ಹತ್ತಿದ್ದ ಬೆರಣಿಯ ಚೂರನ್ನು ಉಗುರಿನಿಂದ ಕೆರೆಯತೊಡಗಿದ. ಲಾಸಿನಾ ಬರಿದಲೆಯಲ್ಲಿ ಅವನನ್ನೇ ನೋಡಿದ. ಟೋಪಿಯ ಅಂಚು ಹಣೆಯ ಮೇಲೆ ಒತ್ತಿದ ಗೆರೆ ಎದ್ದು ಕಾಣುತ್ತಿತ್ತು.

"ಅದಕ್ಕಾ?" ಎಂದ.

"ಅದನ್ನ ನಾನು ಹೇಳ್ಬೋದು," ಎಂದ ಬಾಮೊಯ್, ಟೋಪಿಯನ್ನು ಬಿಟ್ಟು ಕಣ್ಣೆತ್ತದೆ. "ಇವನು ಹೇಳೋದಲ್ಲ."

ಹಾಗೆ ನೋಡಿದರೆ ಹೇಳುವ ಹಕ್ಕಿದ್ದುದು ದೊಮೊಗೇ. ದೊಗೊನನಲ್ಲದೆ ಇನ್ನಾರೂ ಆ ಮಾತನ್ನು ಬೊಜೊನ ಮುಖಕ್ಕೆ ಹೇಳುವಂತಿರಲಿಲ್ಲ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಯಾರೂ ಎತ್ತಲಿಲ್ಲ. ಲಾಸಿನಾ ಬಟ್ಟಲನ್ನು ನೆಲಕ್ಕಿಟ್ಟ. ಅವನು ಏನನ್ನೋ ಹುಡುಕುತ್ತಿದ್ದ. ಬಹಳ ಹಿಂದೆ ಎಲ್ಲೋ ಇಟ್ಟು ಮರೆತ ಸಾಮಾನನ್ನು ಹುಡುಕುವ ಹಾಗೆ.

"ಹೂತಿದ್ದು ನಿಜ," ಎಂದ ಕೊನೆಗೆ, ದೊಮೊನ ಕಡೆ ತಿರುಗಿ. "ಆದ್ರೆ ಮೇಲೆ ನಿಮ್ಮ ಈರುಳ್ಳಿ ನೆಟ್ರಿ ನೋಡು. ಆ ವಾಸನೆಗೆ ಒಳಗಿರೋಕಾಗ್ಲಿಲ್ಲ, ಎದ್ದು ಬಂದೆ."

ಅತಿಮೆ ಸ್ವಲ್ಪ ಹೊತ್ತು ಆ ಮಾತನ್ನು ಬಾಯಲ್ಲಿಟ್ಟು ರುಚಿ ನೋಡಿದ. ಇದು ಬಹಳ ಕೆಟ್ಟ ತಮಾಷೆ ಎಂದು ತೀರ್ಪು ಕೊಟ್ಟ. ತುಕ್ಕು ಹಿಡಿದಿದೆ, ದಿನಾ ಬೆಳಿಗ್ಗೆ ಎಣ್ಣೆ ಹಾಕು ಎಂದ. ಆಮೇಲೆ ಊಟ ಎಲ್ಲಿ ಎಂದು ಕೇಳಿದ.

ಎಲ್ಲರಿಗೂ ಒಂದೇ ಬೋಗುಣಿಯಲ್ಲಿ ಬಡಿಸಬೇಕೆಂದು ಅತಿಮೆಯೇ ಹಟ ಹಿಡಿದ, ಬೇರೆ ಬೇರೆ ಬಟ್ಟಲಾದರೆ ಯಾವ ಬೊಜೊ ಹೆಚ್ಚು ನಾರುತ್ತಾನೆಂದು ಗೊತ್ತಾಗಿಬಿಡುತ್ತದಂತೆ. ಟೋಪಿ ಬಂದಾಗಿನಿಂದ ಲಾಸಿನಾ ಒಬ್ಬನೇ ಉಣ್ಣುತ್ತಿದ್ದ. ಈಗ ಅವನು ತಮ್ಮನ ಎದುರಿಗೆ ಕೂತ. ತಮ್ಮ ವಾಪಸು ಕೊಟ್ಟ ಟೋಪಿಯನ್ನು ತಲೆಗಿಡದೆ ಮಂಡಿಯ ಮೇಲಿಟ್ಟುಕೊಂಡಿದ್ದ. ಬಾತೋಮಾ ಒಲೆಯ ಬಳಿಯಿಂದ ನೋಡುತ್ತಿದ್ದಳು. ಲಾಸಿನಾನ ಬೆರಳು ಮೀನಿನ ಕೆನ್ನೆಯ ತುಂಡನ್ನು ಮೆಲ್ಲಗೆ ಬಾಮೊಯ್ ಕಡೆಗೆ ತಳ್ಳಿತು. ಬಾಮೊಯ್‌ನ ಬೆರಳು ಅದನ್ನು ವಾಪಸು ತಳ್ಳಿತು. ಮತ್ತೆ ಇತ್ತ, ಮತ್ತೆ ಅತ್ತ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ತುಂಡು ಬೋಗುಣಿಯ ನಡುವೆ ಬಂದಾಗ ಅತಿಮೆ ಅದನ್ನೆತ್ತಿ ಬಾಯಿಗೆ ಹಾಕಿಕೊಂಡ.

ಹೊರಡುವ ಹೊತ್ತಾಯಿತು. ಇದೇ ಆ ಗಳಿಗೆ. ಬಾತೋಮಾ ಅತಿಮೆಯ ಕಣ್ಣನ್ನೇ ನೋಡಿದಳು, ಹುಬ್ಬಿನಿಂದ ಬಾಮೊಯ್‌ನನ್ನು ತೋರಿಸಿದಳು. ಗಂಡನ ಮಾತಿನ ವಿರುದ್ಧ ಅವಳು ಬಾಯಿಬಿಟ್ಟು ಹೊರಗಿನವರಲ್ಲಿ ಕೇಳುವಂತಿರಲಿಲ್ಲ. ಕೇಳು, ಈಗ ಕೇಳು ಎಂದು ಮುಖದಿಂದಲೇ ಬೇಡಿಕೊಂಡಳು. ಅತಿಮೆ ಅರ್ಥವಾದವನಂತೆ ಗಂಭೀರವಾಗಿ ತಲೆಯಾಡಿಸಿದ. ಲಾಸಿನಾನ ಕಡೆ ತಿರುಗಿ, ದೊಗೊನ ಕೇಳುತ್ತಿದ್ದಾನೆ ಎಂದು ಹೇಳಿ, ಹೊಗೆಗಿಟ್ಟ ಮೀನುಗಳಲ್ಲಿ ಅತಿ ದೊಡ್ಡವನ್ನು ಕೇಳಿದ. ಲಾಸಿನಾ ಕೊಟ್ಟ.

ಇನ್ನೇನಾದರೂ ಬೇಕಿತ್ತೇ ಎಂದು ಬಾತೋಮಾ ಹಲ್ಲುಕಚ್ಚಿ ಕೇಳಿದಳು. ಅತಿಮೆ ಯೋಚಿಸಿದ. ಒಂದು ಹಿಡಿ ಒಣಮೆಣಸಿನಕಾಯಿ ಬೇಕಿತ್ತು ಎಂದ. ಅದನ್ನೂ ಕಟ್ಟಿಕೊಂಡು, ಬೇಲಿ ದಾಟುವವರೆಗೂ ಬೈಯುತ್ತ, ತಂಗಿಯ ಮಗನ ಹೆಗಲ ಮೇಲೆ ಕೈಹಾಕಿಕೊಂಡು ಹೋದ. ಊರಿನ ಜಗಳಗಳನ್ನೆಲ್ಲ ಬಿಡಿಸುವುದಕ್ಕೆ ಹಿರಿಯರು ಇಂಥವರನ್ನು ನಂಬಿ ಹೋದರಲ್ಲ ಎಂದು ಅವಳು ಮೆಣಸಿನಕಾಯಿಯ ಡಬ್ಬಿಯ ಮುಚ್ಚಳವನ್ನು ಬಡಿದು ಮುಚ್ಚಿದಳು.

ಬಿಸಿಲು ಇಳಿಯುತ್ತ ಬಂತು. ಬಾಮೊಯ್ ನದಿಗೆ ಹೋಗಿ ಸ್ನಾನ ಮಾಡಿ ಬಂದ. ಲಾಸಿನಾ ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ನಡೆದ, ಬಲೆಯನ್ನು ಮುಟ್ಟಿ ನೋಡಿದ, ತಮ್ಮ ಹೆಣೆದ ಜಾಗದ ಮೇಲೆ ಬೆರಳಾಡಿಸಿದ. ಆಮೇಲೆ ಟೋಪಿ ಹಾಕಿಕೊಂಡು ಅವಳ ಬಳಿಗೆ ಬಂದ.

"ಅವನ ಗಂಟು ಕಟ್ಟು," ಎಂದ. "ಚಿಕ್ಕಪ್ಪನಿಗೆ ಮಾತು ಕೊಟ್ಟಾಗಿದೆ. ಊರಿಗೆಲ್ಲ ಹೇಳಿಯಾಗಿದೆ."

ಅವಳು ಹೂಂ ಎಂದಳು. ಅವನು ಹೋಗಲಿಲ್ಲ.

"ದಪ್ಪ ಕಂಬಳಿ ಇಡು. ದೆಬೊದಲ್ಲಿ ಗಾಳಿ ಜಾಸ್ತಿ."

ಅವನು ಗಂಟಲು ಕೆರೆದ. ಆದರೆ ಗುಡುಗು ಹೊರಡಲಿಲ್ಲ. ಒಮ್ಮೆ ಯಾರೋ ಅದನ್ನು ಎದುರಿಗೇ ಅಷ್ಟು ಚೆನ್ನಾಗಿ ಮಾಡಿ ತೋರಿಸಿದ ಮೇಲೆ ಅವನದು ಅವನಿಗೇ ನಕಲಾಗಿ ಕೇಳಿಸಿರಬೇಕು. ಕೈಯಿಂದ ಬಾಯಿ ಒರೆಸಿಕೊಂಡು ಆಚೆ ನಡೆದ. ಅವನ ಬೆನ್ನು ನೋಡುತ್ತ ಬಾತೋಮಾಗೆ ನಗುವೂ ಸಂಕಟವೂ ಒಟ್ಟಿಗೇ ಬಂತು. ಈ ಮನುಷ್ಯ ಇವತ್ತು ಯಾರಾದರೂ ತನ್ನನ್ನು ತಡೆಯಲಿ ಎಂದು ಅಂಗಳದ ತುಂಬ ತಿರುಗುತ್ತಿದ್ದಾನೆ. ಬಾಯಿಬಿಟ್ಟು ತಡೆದರೆ ತಡೆದವರ ಮೇಲೆ ತಂದೆಯ ಹಾಗೆ ಹಾರಿಬೀಳುತ್ತಾನೆ. ಮಾತು ಮುರಿಯುವುದು ಅವನಿಗೆ ಸಾಧ್ಯವಿಲ್ಲ. ಅದು ತಾನಾಗಿ ಮುರಿದು ಬಿದ್ದರೆ, ಎತ್ತಿ ಜೋಡಿಸಲು ಬಗ್ಗುವವನೂ ಅಲ್ಲ.

ಅವಳು ಕೋಣೆಯಲ್ಲಿ ಕೂತು ಗಂಟು ಕಟ್ಟಿದಳು. ಎರಡು ಅಂಗಿ, ಒಂದು ಷರಾಯಿ, ಕಂಬಳಿ, ಬಲೆ ಹೆಣೆಯುವ ಸೂಜಿ. ಬಾಮೊಯ್ ಬಾಗಿಲಿಗೊರಗಿ ನಿಂತು, ತಾನಿಲ್ಲದಾಗ ಇನ್ನೊಂದು ಮದುವೆ ಮಾಡಿಕೊಳ್ಳಬೇಡವೆಂದು ಅವಳಿಗೆ ಬುದ್ಧಿ ಹೇಳಿದ. ಅವಳು, ಈ ಸಲ ಹಲ್ಲುಜ್ಜುವ ಗಂಡನನ್ನು ನೋಡಿಕೊಳ್ಳುತ್ತೇನೆ ಎಂದಳು. ಇಬ್ಬರ ಮಾತಿಗೂ ಜೀವವಿರಲಿಲ್ಲ.

"ಅಣ್ಣ ಏನಂದ?" ಎಂದು ಕೇಳಿದ.

"ದಪ್ಪ ಕಂಬಳಿ ಇಡು ಅಂದ."

ಹುಡುಗ ಸ್ವಲ್ಪ ಹೊತ್ತು ಬಾಗಿಲ ಚೌಕಟ್ಟಿನ ಮಣ್ಣನ್ನು ಉಗುರಿನಿಂದ ಕೆರೆದ. ಅಣ್ಣ ಹಾಗಂದನೋ ಟೋಪಿ ಹಾಗಂದಿತೋ ಎಂದು ಕೇಳಬಹುದು ಎಂದುಕೊಂಡಳು. ಅವನು ಕೇಳಿದ್ದು ಬೇರೆ.

"ಬೆಳಿಗ್ಗೆ ಎಬ್ಬಿಸೋದು ಅವನಾ, ನೀನಾ?"

"ನಾನೇ ಅಲ್ವಾ ಯಾವಾಗ್ಲೂ," ಎಂದಳು ಬಾತೋಮಾ.

ಹೇಳಿದ ಮೇಲೆ ಅವಳ ಕೈ ಗಂಟಿನ ಮೇಲೆ ನಿಧಾನವಾಯಿತು. ಹುಡುಗ ಆಚೆಗೆ ಹೋದ. ನಿಜ, ಈ ಮನೆಯನ್ನು ಎಬ್ಬಿಸುವವಳು ಅವಳೊಬ್ಬಳೇ. ಮಾವನಿದ್ದಾಗ ನಸುಕಿನಲ್ಲಿ ಎದ್ದು ಕೂತು ಇಡೀ ಕೇರಿಯ ನಿದ್ದೆ ಕೆಡಿಸುತ್ತಿದ್ದ. ಲಾಸಿನಾಗೆ ಅವನದೆಲ್ಲ ಬಂತು, ಆ ಎಚ್ಚರವೊಂದು ಬರಲಿಲ್ಲ. ಮಸೀದಿಯ ಕೂಗು ಕಿವಿಗೆ ಬಿದ್ದರೆ ಅಣ್ಣ ಬಲಮಗ್ಗುಲಿಗೆ ಹೊರಳುತ್ತಾನೆ, ತಮ್ಮ ಎಡಮಗ್ಗುಲಿಗೆ. ಅವಳು ಒಲೆಗೆ ಬೆಂಕಿ ಮಾಡಿ, ನೀರು ಕಾಯಿಸಿ, ಒಬ್ಬನ ಹೆಗಲು ಅಲುಗಿಸಿ, ಇನ್ನೊಬ್ಬನ ಕಂಬಳಿ ಎಳೆದ ಮೇಲೆಯೇ ಈ ಅಂಗಳಕ್ಕೆ ಬೆಳಗಾಗುವುದು. ಇಷ್ಟು ವರ್ಷಗಳಲ್ಲಿ ಜ್ವರ ಬಂದ ದಿನವೂ ಅದು ತಪ್ಪಿರಲಿಲ್ಲ. ತಪ್ಪಬಹುದೆಂದು ಯಾರಿಗೂ ಹೊಳೆದಿರಲೂ ಇಲ್ಲ, ಅವಳಿಗೂ.

ಸಿದಿಕಿ ಯಾರಿಗೂ ಕಾಯುವವನಲ್ಲ. ಒಮ್ಮೆ ಸ್ವಂತ ಹೆಂಡತಿಯನ್ನೇ ದಡದಲ್ಲಿ ಬಿಟ್ಟು ಹೋದದ್ದನ್ನು ಅವನು ಇವತ್ತಿಗೂ ಎದೆಯುಬ್ಬಿಸಿ ಹೇಳಿಕೊಳ್ಳುತ್ತಾನೆ. ನೀರು ಇಳಿಯತೊಡಗಿದೆ. ಈ ಸಲ ಹೋದ ದೋಣಿ ಮತ್ತೆ ನದಿ ತುಂಬುವವರೆಗೆ ಬರುವುದಿಲ್ಲ.

ಅವಳು ಗಂಟಿಗೆ ಇನ್ನೊಂದು ಸುತ್ತು ಹಗ್ಗ ಹಾಕಿ ಬಿಗಿಯಾಗಿ ಕಟ್ಟಿದಳು, ಎಲ್ಲರಿಗೂ ಕಾಣುವಂತೆ ಬಾಗಿಲ ಬಳಿ ತಂದಿಟ್ಟಳು. ಅಂಗಳದಲ್ಲಿ ಲಾಸಿನಾ, ಎಲ್ಲ ಸಿದ್ಧವಾಯಿತೇ ಎಂದು ಕೇಳಿದ. ಅವಳು ಎಲ್ಲ ಸಿದ್ಧವಾಗಿದೆ ಎಂದಳು. ಇವತ್ತು ಬಹಳ ದಣಿವಾಗಿದೆ, ಬೇಗ ಮಲಗುತ್ತೇನೆ ಎಂದೂ ಹೇಳಿದಳು. ಅದು ಸುಳ್ಳಾಗಿರಲಿಲ್ಲ. ಚಾಪೆ ಬಿಡಿಸುವಾಗ ಅವಳು ತನ್ನ ಜಾಗವನ್ನು ಬಾಗಿಲಿನಿಂದ ದೂರ, ಬೆಳಗಿನ ಬೆಳಕು ತಡವಾಗಿ ಮುಟ್ಟುವ ಗೋಡೆಯ ಕಡೆಗೆ ಹಾಸಿಕೊಂಡಳು.